ಹಳೇ ಕಂಪ್ಯೂಟರಿಗೆ ಯುಎಸ್‌ಬಿ 3 ಹಾಕಿಸಬಹುದಾ? ಅಪ್ಪಾಜಿಯ 400 ಕ್ಯಾಸೆಟ್ ನಕಲು ಮಾಡ್ಬೇಕು

ಕಬ್ಬಿನಗದ್ದೆ, ಮಂಡ್ಯ
ಭಾನುವಾರ, ರಾತ್ರಿ 9:40

ಎಲ್ರಿಗೂ ನಮಸ್ಕಾರ. ಒಸಿ ದಾರಿ ತೋರ್ಸಿ, ಒಂದು ವಾರದಿಂದ ಒದ್ದಾಡ್ತಾ ಇವ್ನಿ.

ನಮ್ಮಪ್ಪಾಜಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಪಾಂಡವಪುರ, ನಾಗಮಂಗಲ, ಮಳವಳ್ಳಿ ಕಡೆ ಎಲ್ಲಿಗೆ ವರ್ಗ ಆದ್ರೂ ಹೆಗಲಿಗೆ ಟೇಪ್ ರೆಕಾರ್ಡರ್ ನೇತಾಕ್ಕಂಡೇ ಹೋಗೋರು. ಮದುವೆ ಮನೆ ಸೋಬಾನೆ, ನಾಟಿ ಪದ, ರಾಗಿ ಬೀಸೋ ಪದ, ನೀಲಗಾರರು ರಾತ್ರಿಯೆಲ್ಲಾ ಕೂತು ಹೇಳಿದ ಕಥೆ, ಎಲ್ಲಾನೂ ತುಂಬ್ಕಂಡವ್ರೆ. 400 ಕ್ಯಾಸೆಟ್, ಎಲ್ಲಾ 90 ನಿಮಿಷದವು. ಅಪ್ಪಾಜಿ ಹೋದ ಮೇಲೆ ಎರಡು ವರ್ಷ ಒಂದೊಂದನ್ನೇ ಓಡ್ಸಿ ಕಂಪ್ಯೂಟರಿಗೆ ಇಳ್ಸಿದೀನಿ. ಸಂಕುಚಿಸದೆ ವೇವ್ ಫೈಲಾಗೇ ಇಟ್ಟಿರೋದ್ರಿಂದ ಒಂದು ಕ್ಯಾಸೆಟ್ಟಿಗೆ 950 ಎಂಬಿ ಹತ್ರ ಆಯ್ತದೆ, ಒಟ್ಟು 381 ಜಿಬಿ.

ಎಲ್ಲಾ ಒಂದೇ ಡಿಸ್ಕಿನಲ್ಲಿ ಇರೋದೇ ನಂಗೆ ಭಯ. ಅದಕ್ಕೆ ಐದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗಂಡು, ಮೈಸೂರಲ್ಲಿರೋ ತಮ್ಮನಿಗೆ, ಮಳವಳ್ಳಿ ಚಿಕ್ಕಮ್ಮನಿಗೆ, ದೊಡ್ಡಪ್ಪನ ಮಕ್ಕಳಿಬ್ರಿಗೆ ಒಂದೊಂದು ಕೊಟ್ಟು, ಒಂದನ್ನ ನಾನು ಇಟ್ಕಬೇಕು ಅಂತ ಮಾಡಿದೀನಿ. ಆದ್ರೆ ನಕಲು ಮಾಡಕ್ಕೆ ಕೂತ್ರೆ ಸೆಕೆಂಡಿಗೆ 31, 32 ಎಂಬಿ ದಾಟಲ್ಲ. ಒಂದು ಡಿಸ್ಕಿಗೆ ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು ಅಂತ ತೋರಿಸ್ತದೆ. ಅಷ್ಟೊತ್ತು ನಮ್ಮೂರಲ್ಲಿ ಕರೆಂಟ್ ನಿಲ್ಲಲ್ಲ. ಎರಡು ಸಲ ಅರ್ಧಕ್ಕೇ ನಿಂತೋಯ್ತು.

ಕಂಪ್ಯೂಟರ್ 2012ರದ್ದು. ಎಚ್61 ಬೋರ್ಡ್, ಎರಡನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಅಂಗಡಿಯೋರೊಬ್ರು "ಇದಕ್ಕೆ ಏನೂ ಮಾಡಕ್ಕಾಗಲ್ಲ, ಹೊಸದು ತಗಳಿ ಮೇಡಂ" ಅಂದ್ರು. ನಿಜವಾಗ್ಲೂ ಏನೂ ಆಗಲ್ವಾ?


ತಂತಿಮನೆ, ಮೈಸೂರು
ಭಾನುವಾರ, ರಾತ್ರಿ 10:25

ಆಗುತ್ತೆ ಅಕ್ಕ, ಧಾರಾಳವಾಗಿ ಆಗುತ್ತೆ. ನೀವು ಮಾಡಿರುವ ಕೆಲಸ ಓದಿ ಮನಸ್ಸು ತುಂಬಿ ಬಂತು. 400 ಕ್ಯಾಸೆಟ್ ಅಂದರೆ ಬರೀ ಓಡಿಸುವುದಕ್ಕೇ 600 ಗಂಟೆ!

ನಿಮ್ಮ ಕಂಪ್ಯೂಟರಿನಲ್ಲಿ ದೋಷ ಏನೂ ಇಲ್ಲ. 31–32 ಅನ್ನುವುದು ಯುಎಸ್‌ಬಿ 2 ಪೋರ್ಟಿನ ಸಹಜ ವೇಗ. ಅದು 2000ನೇ ಇಸವಿಯಲ್ಲಿ ಬಂದಿದ್ದು. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 60 ಎಂಬಿ. ಆದರೆ ಆ ತಂತಿಯಲ್ಲಿ ಒಂದು ಹೊತ್ತಿಗೆ ಒಂದೇ ದಿಕ್ಕಿನಲ್ಲಿ ಮಾಹಿತಿ ಹೋಗುತ್ತೆ. ಡಿಸ್ಕಿಗೆ ಒಂದು ಆಜ್ಞೆ ಕಳಿಸಿ, ಅದು ಮುಗಿದಿದೆ ಅಂತ ಉತ್ತರ ಬಂದ ಮೇಲೆಯೇ ಮುಂದಿನ ಆಜ್ಞೆ. ಈ ಹೋಗಿ ಬರುವುದರಲ್ಲೇ ಅರ್ಧ ಸಮಯ ಕಳೆದು ಕೈಗೆ ಸಿಗುವುದು 30–35 ಎಂಬಿ.

ಯುಎಸ್‌ಬಿ 3 ಬಂದಿದ್ದು 2008ರ ಕೊನೆಗೆ. ಅದರದ್ದು 5 ಗಿಗಾಬಿಟ್. ಹೋಗಲಿಕ್ಕೆ ಬೇರೆ, ಬರಲಿಕ್ಕೆ ಬೇರೆ ಜೋಡಿ ತಂತಿ. ಪ್ರತಿ 8 ಬಿಟ್ ಕಳಿಸಲು 10 ಬಿಟ್ ಖರ್ಚು ಮಾಡುವುದರಿಂದ 500 ಎಂಬಿಗೆ ಇಳಿಯುತ್ತೆ, ಒಳ್ಳೆಯ ಎಸ್‌ಎಸ್‌ಡಿ ಹಾಕಿದರೆ 400ರವರೆಗೆ ಕಾಣಬಹುದು. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಆದ್ದರಿಂದ 100ರ ಆಸುಪಾಸು ಬರುತ್ತೆ. ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷದ ಕೆಲಸ ಒಂದು ಗಂಟೆ ಚಿಲ್ಲರೆಗೆ ಬರುತ್ತೆ.

ಎಚ್61 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) 2011ರದ್ದು, ಅದರೊಳಗೆ ಯುಎಸ್‌ಬಿ 3 ಇಲ್ಲ. ಇಂಟೆಲ್ ತನ್ನ ಚಿಪ್‌ಸೆಟ್ಟಿಗೇ ಅದನ್ನು ಸೇರಿಸಿದ್ದು 2012ರಲ್ಲಿ, ಬಿ75, ಎಚ್77, ಝಡ್77 ಬೋರ್ಡುಗಳು ಬಂದಾಗ. ಕೆಲವು ಎಚ್61 ಬೋರ್ಡುಗಳಿಗೆ ತಯಾರಕರೇ ಬೇರೆ ಚಿಪ್ ಕೂರಿಸಿ ಎರಡು ಯುಎಸ್‌ಬಿ 3 ಪೋರ್ಟ್ ಕೊಟ್ಟಿದ್ದೂ ಉಂಟು. ಕ್ಯಾಬಿನೆಟ್ ಹಿಂದೆ ಟಾರ್ಚ್ ಬಿಟ್ಟು ನೋಡಿ, ಒಳಗಿನ ನಾಲಿಗೆ ನೀಲಿ ಬಣ್ಣದ್ದಿರುವ ಪೋರ್ಟ್ ಇದ್ದರೆ ದುಡ್ಡೇ ಖರ್ಚಿಲ್ಲ. ಎಲ್ಲಾ ಕಪ್ಪು ಅಥವಾ ಬಿಳಿ ಇದ್ದರೆ ಒಂದು ಕಾರ್ಡ್ ತಂದು ಹಾಕಬೇಕು. ಸಾವಿರ ರೂಪಾಯಿ ಆಸುಪಾಸಿನ ಮಾತು. ಅದಕ್ಕೆ ಮುಂಚೆ ಪಕ್ಕದ ತಗಡು ಬಿಚ್ಚಿ ಒಳಗೆ ಯಾವ ಯಾವ ಸ್ಲಾಟ್ ಖಾಲಿ ಇದೆ ಹೇಳಿ.


ಹೂಟಗಳ್ಳಿ ನಿವಾಸಿ, ಮೈಸೂರು
ಭಾನುವಾರ, ರಾತ್ರಿ 11:02

ನನ್ನ ಅಭಿಪ್ರಾಯ ಬೇರೆ. ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ. ಹದಿಮೂರು ವರ್ಷದ ಯಂತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎರಡನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಹಿಡಿಯುವುದಿಲ್ಲ. ಕೆಪಾಸಿಟರ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಯಾವಾಗ ಕೈ ಕೊಡುತ್ತೋ ಹೇಳಲಾಗದು. ಅಷ್ಟು ಅಮೂಲ್ಯವಾದ ಧ್ವನಿ ಇರುವಾಗ ಅದರ ಮೇಲೆ ಸಾವಿರ ಸುರಿಯುವ ಬದಲು ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್, ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಈಚಿನದು, ತಗೊಳ್ಳುವುದು ಮೇಲು. ಅದರಲ್ಲಿ ಯುಎಸ್‌ಬಿ 3 ಬಂದೇ ಬಂದಿರುತ್ತೆ.


ಕಬ್ಬಿನಗದ್ದೆ, ಮಂಡ್ಯ
ಸೋಮವಾರ, ಬೆಳಗ್ಗೆ 7:15

ಹೂಟಗಳ್ಳಿ ಅಣ್ಣ, ನೀವು ಹೇಳೋದು ಸರಿ, ಅದು ಎಷ್ಟು ದಿನ ಬಾಳ್ತದೋ ಅನ್ನೋ ಭಯ ನಂಗೂ ಅದೆ. ಅದಕ್ಕೇ ಬೇಗ ನಕಲು ಮಾಡ್ಬೇಕು ಅಂತಿರೋದು. ಆದ್ರೆ ಆ 400 ಅಲ್ದೆ ಇನ್ನೊಂದು ಮೂವತ್ತು ಕ್ಯಾಸೆಟ್ಟು ಬೂಷ್ಟು ಹಿಡ್ದಿರೋವು ಅವೆ, ಅವನ್ನ ಇನ್ನೂ ಇಳಿಸ್ಬೇಕು. ಡೆಕ್ಕಿನ ವೈರು ಈ ಕಂಪ್ಯೂಟರ್ ಹಿಂದಿನ ತಿಳಿನೀಲಿ ಲೈನ್-ಇನ್ ತೂತಿಗೆ ಹಾಕಿದೀನಿ. ಸದ್ದಿನ ಮಟ್ಟ ಎಲ್ಲಾ ಇದಕ್ಕೇ ಹೊಂದಿಸ್ಕಂಡಿದೀನಿ. ಈಗಿನ ಪುಟ್ಟ ಪೆಟ್ಟಿಗೆ ಕಂಪ್ಯೂಟರಲ್ಲಿ ಆ ತೂತೇ ಕಾಣ್ಲಿಲ್ಲ. ಆ ಕೆಲಸ ಮುಗಿಯೋಗಂಟ ಇದನ್ನ ಬಿಡಕ್ಕಾಗಲ್ಲ.

ಸಂಜೆ ಬಿಚ್ಚಿ ನೋಡ್ತೀನಿ.


ತಂತಿಮನೆ, ಮೈಸೂರು
ಸೋಮವಾರ, ಬೆಳಗ್ಗೆ 8:30

ಹೂಟಗಳ್ಳಿಯವರ ಮಾತಿನಲ್ಲಿ ಒಂದನ್ನು ನಾನೂ ಒಪ್ಪುತ್ತೇನೆ, ಬೆಂಬಲ ಮುಗಿದ ವಿಂಡೋಸ್ ಇಟ್ಟುಕೊಂಡು ಬ್ಯಾಂಕ್ ವ್ಯವಹಾರ ಮಾಡಬಾರದು. ಟೇಪ್ ಇಳಿಸುವುದು, ನಕಲು ಮಾಡುವುದು ಈ ಎರಡಕ್ಕೇ ಆದರೆ ಇಂಟರ್‌ನೆಟ್ ವೈರ್ ಕಿತ್ತಿಟ್ಟು ನೆಮ್ಮದಿಯಾಗಿ ಬಳಸಬಹುದು. ಕಾರ್ಡಿಗೆ ಹಾಕಿದ ದುಡ್ಡೂ ವ್ಯರ್ಥವಲ್ಲ. ನಾಳೆ ಬೇರೆ ಡೆಸ್ಕ್‌ಟಾಪ್ ತಗೊಂಡರೆ ಅದನ್ನೇ ಬಿಚ್ಚಿ ಅಲ್ಲಿ ಹಾಕಿಕೊಳ್ಳಬಹುದು.

ಬಿಚ್ಚುವಾಗ: ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಹಿಂದಿನ ಪವರ್ ಕೇಬಲ್ ಕಿತ್ತು, ಆಮೇಲೆ ಮುಂದಿನ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತೆ. ಕೈ ಹಾಕುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ತಗಡು ಮುಟ್ಟಿ. ನೈಲಾನ್ ಸೀರೆ, ಉಣ್ಣೆ ಸ್ವೆಟರ್ ಬೇಡ.


ಕಬ್ಬಿನಗದ್ದೆ, ಮಂಡ್ಯ
ಸೋಮವಾರ, ರಾತ್ರಿ 8:50

ಬಿಚ್ಚಿದೆ. ಹಿಂದೆ ನೀಲಿ ಪೋರ್ಟ್ ಒಂದೂ ಇಲ್ಲ, ಎಲ್ಲಾ ಕಪ್ಪು.

ಒಳಗೆ ನೋಡಿ ಗಾಬರಿ ಆಯ್ತು. ನಮ್ಮನೆ ಹಿಂದೇನೇ ಆಲೆಮನೆ. ಕೊಪ್ಪರಿಗೆ ಒಲೆ ಹೊಗೆ ಹನ್ನೆರಡು ವರ್ಷದಿಂದ ಒಳಗೆ ಸೇರ್ಕಂಡು, ಫ್ಯಾನಿನ ರೆಕ್ಕೆ ಮೇಲೆ ಕಪ್ಪಗೆ ಅಂಟು ಅಂಟಾಗಿ ಕೂತದೆ. ಎಸ್‌ಎಂಪಿಎಸ್ ಕೆಳಗೆ ಮೂಲೇಲಿ ಹಲ್ಲಿ ಮೊಟ್ಟೆ ಚಿಪ್ಪು ಎರಡು. ಬಣ್ಣ ಹೊಡೆಯೋ ಬ್ರಷ್ಷಲ್ಲಿ ನಿಧಾನಕ್ಕೆ ಕೆರೆದು ತೆಗೆದೆ, ಫ್ಯಾನು ತಿರುಗದಂಗೆ ಬೆರಳಲ್ಲಿ ಹಿಡ್ಕಂಡು.

ಸ್ಲಾಟು ಮೂರವೆ. ಪ್ರೊಸೆಸರ್ ಕೆಳಗೆ ಒಂದು ಉದ್ದನೇ ಕರಿ ಸ್ಲಾಟು, ತುದೀಲಿ ಸಣ್ಣ ಕೊಕ್ಕೆ ಅದೆ. ಅದರ ಕೆಳಗೆ ಒಂದು ಗಿಡ್ಡದು, ಅಂಗುಲದಷ್ಟೇ ಉದ್ದ. ಅದಕ್ಕೂ ಕೆಳಗೆ ಬೆಳ್ಳಗಿರೋ ಉದ್ದದ್ದು ಒಂದು. ಮೂರೂ ಖಾಲಿ. ಯಾವುದಕ್ಕೆ ಹಾಕೋದು?


ತಂತಿಮನೆ, ಮೈಸೂರು
ಸೋಮವಾರ, ರಾತ್ರಿ 9:35

ಗಿಡ್ಡದ್ದಕ್ಕೆ! ಅದೇ ಪಿಸಿಐ ಎಕ್ಸ್‌ಪ್ರೆಸ್ ಒಂದು ಲೇನಿನ (ಮಾಹಿತಿ ಓಡಾಡುವ ದಾರಿಯ) ಸ್ಲಾಟ್. ಕೊಕ್ಕೆ ಇರುವ ಉದ್ದದ್ದು ಗ್ರಾಫಿಕ್ಸ್ ಕಾರ್ಡಿಗೆ ಅಂತ ಇರುವ ಹದಿನಾರು ಲೇನಿನದು. ಗಿಡ್ಡದು ಕೆಟ್ಟಿದ್ದರೆ ಅದರಲ್ಲೂ ಈ ಕಾರ್ಡ್ ಕೂರುತ್ತೆ, ಉಳಿದ ಭಾಗ ಸುಮ್ಮನೆ ಖಾಲಿ ಇರುತ್ತೆ. ಬೆಳ್ಳಗಿರುವುದು ಹಳೆಯ ಪಿಸಿಐ. ಅದರ ಒಟ್ಟು ಸಾಮರ್ಥ್ಯವೇ ಸೆಕೆಂಡಿಗೆ 133 ಎಂಬಿ, ಅದನ್ನೂ ಅದೇ ಸಾಲಿನ ಬೇರೆ ಸಾಧನಗಳ ಜೊತೆ ಹಂಚಿಕೊಳ್ಳಬೇಕು. ಅಂಗಡಿಯಲ್ಲಿ "ಪಿಸಿಐ ಕಾರ್ಡ್" ಅಂತ ಕೇಳಬೇಡಿ, "ಪಿಸಿಐ ಎಕ್ಸ್‌ಪ್ರೆಸ್" ಅಂತ ಪೂರ್ತಿ ಹೇಳಿ. ಈ ಎರಡು ಹೆಸರು ಅದಲು ಬದಲಾಗಿ ತಪ್ಪು ಕಾರ್ಡ್ ಮನೆಗೆ ಬಂದಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಎಚ್61ರ ಗಿಡ್ಡ ಸ್ಲಾಟ್ ಎರಡನೇ ಆವೃತ್ತಿಯದು, ಸೆಕೆಂಡಿಗೆ 500 ಎಂಬಿ. ನಾಲ್ಕು ಪೋರ್ಟಿನ ಕಾರ್ಡ್ ಹಾಕಿದರೂ ಆ 500 ಎಲ್ಲಕ್ಕೂ ಸೇರಿ. ಹಾರ್ಡ್ ಡಿಸ್ಕಿಗೆ ಅದು ಸಾಕು ಸಾಕು.

ಕಾರ್ಡ್ ಆರಿಸುವಾಗ ನಾನು ನೋಡುವುದು ಒಂದೇ ವಿಷಯ: ಕಾರ್ಡಿನ ಮೇಲೆ ಪವರ್ ಸಾಕೆಟ್ ಇದೆಯಾ ಅಂತ. ಯುಎಸ್‌ಬಿ ಸಾಧನಗಳಿಗೆ ಬೇಕಾಗುವುದು 5 ವೋಲ್ಟ್. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು 12 ಮತ್ತು 3.3 ವೋಲ್ಟ್ ಮಾತ್ರ, 5 ವೋಲ್ಟಿನ ಪಿನ್ನೇ ಅದರಲ್ಲಿಲ್ಲ. ಹಾಗಾಗಿ ಕಾರ್ಡಿನವರು ಒಂದೋ 12ನ್ನು 5ಕ್ಕೆ ಇಳಿಸುವ ಸರ್ಕ್ಯೂಟ್ ಹಾಕಬೇಕು, ಇಲ್ಲವೇ ಎಸ್‌ಎಂಪಿಎಸ್‌ನಿಂದ ನೇರವಾಗಿ ತಂತಿ ತರಬೇಕು. ಯುಎಸ್‌ಬಿ 3 ಪೋರ್ಟ್ ಒಂದು 900 ಮಿಲಿಆಂಪ್‌ವರೆಗೆ ಕೊಡಬೇಕು, ಯುಎಸ್‌ಬಿ 2ರದ್ದು 500. ಹೊರಗಿನ ಡಿಸ್ಕು ತಿರುಗಲು ಶುರುಮಾಡುವ ಕ್ಷಣದಲ್ಲೇ ಹೆಚ್ಚು ಎಳೆಯುವುದು. ಆ ಹೊತ್ತಿಗೆ ಕರೆಂಟ್ ಸಾಲದಿದ್ದರೆ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಕೂರುತ್ತೆ.

ಚಿಪ್ ಯಾವುದಾದರೂ ಪರವಾಗಿಲ್ಲ. ರೆನೆಸಾಸ್, ವಿಐಎ, ಎಎಸ್‌ಮೀಡಿಯಾ ಮೂರನ್ನೂ ನಾನು ಬಳಸಿದ್ದೇನೆ. ವಿಂಡೋಸ್ 8ರಿಂದ ಈಚೆಗೆ ಡ್ರೈವರ್ ಒಳಗೇ ಇರುತ್ತೆ, ನಿಮಗೆ ಸಿಡಿ ಹುಡುಕುವ ಕೆಲಸ ಇಲ್ಲ.


ಮದ್ದೂರು ಪ್ಯಾಸೆಂಜರ್, ಮದ್ದೂರು
ಸೋಮವಾರ, ರಾತ್ರಿ 10:10

ನಾನು ಇನ್ನೂ ಹಳೇ ಜಿ41 ಬೋರ್ಡಿಗೆ ಇದನ್ನೇ ಮಾಡಿದೀನಿ. ಅದರ ಗಿಡ್ಡ ಸ್ಲಾಟು ಮೊದಲನೇ ಆವೃತ್ತಿ, 250 ಎಂಬಿ ಅಷ್ಟೇ. ಎಸ್‌ಎಸ್‌ಡಿ ಹಾಕಿದ್ರೆ 180, 190ರಲ್ಲಿ ನಿಂತ್ಕತದೆ. ಆದ್ರೆ ಹಾರ್ಡ್ ಡಿಸ್ಕಿಗೆ ಒಂದಿನಿತೂ ಕಮ್ಮಿ ಅನ್ಸಿಲ್ಲ. ಐದು ವರ್ಷದಿಂದ ಮದುವೆ ವಿಡಿಯೋ ಎಲ್ಲಾ ಅದರಲ್ಲೇ ಸಾಗಿಸ್ತಾ ಇದೀನಿ.

ಒಂದು ಎಚ್ಚರಿಕೆ. ಕಾರ್ಡಿನ ಪೋರ್ಟಿಗೆ ಕೀಬೋರ್ಡ್ ಹಾಕ್ಬೇಡಿ. ಹಳೇ ಬಯೋಸಿಗೆ (ಆನ್ ಮಾಡಿದ ತಕ್ಷಣ ಮೊದಲು ಓಡೋ ಸಾಫ್ಟ್‌ವೇರ್) ಆ ಕಾರ್ಡ್ ಅಂದ್ರೆ ಏನು ಅಂತ್ಲೇ ಗೊತ್ತಿರಲ್ಲ, ಆನ್ ಆಗೋ ಹೊತ್ತಲ್ಲಿ ಕೀಬೋರ್ಡ್ ಕೆಲಸ ಮಾಡಲ್ಲ. ಅಲ್ಲಿಂದ ವಿಂಡೋಸ್ ಪೆನ್ ಡ್ರೈವ್ ಬೂಟ್ ಮಾಡಕ್ಕೂ ಬರಲ್ಲ. ಕೀಬೋರ್ಡ್, ಮೌಸು ಹಳೇ ಪೋರ್ಟಲ್ಲೇ ಇರ್ಲಿ.


ಸರಸ್ವತಿಪುರಂ ಓದುಗ, ಮೈಸೂರು
ಮಂಗಳವಾರ, ಬೆಳಗ್ಗೆ 6:50

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನನ್ನ ಹತ್ತಿರ ಪೆಂಟಿಯಂ 4 ಇದೆ, ಬರೀ ಬಿಳಿ ಸ್ಲಾಟುಗಳು, ಗಿಡ್ಡದ್ದು ಇಲ್ಲವೇ ಇಲ್ಲ. ಮಗಳ ಬಾಲ್ಯದ ಫೋಟೋ ಎಲ್ಲಾ ಅದರಲ್ಲಿವೆ. ನನಗೇನು ದಾರಿ? ಮುಂದಿನ ಪ್ಯಾನೆಲ್ಲಿಗೆ ನೀಲಿ ಪೋರ್ಟ್ ಹಾಕುವ ಅಡಾಪ್ಟರ್ ಸಿಗುತ್ತೆ ಅಂತ ಯಾರೋ ಹೇಳಿದರು.


ತಂತಿಮನೆ, ಮೈಸೂರು
ಮಂಗಳವಾರ, ಬೆಳಗ್ಗೆ 7:40

ಸರ್, ಅದಕ್ಕೆ ಖರ್ಚು ಮಾಡಬೇಡಿ. ಆ ಅಡಾಪ್ಟರ್ ಬೋರ್ಡಿನ ಮೇಲಿರುವ 9 ಪಿನ್ನಿನ ಹಳೇ ಹೆಡರನ್ನು (ಪ್ಲಗ್ ಕೂರುವ ಪಿನ್ನುಗಳ ಸಾಲು) 19 ಪಿನ್ನಿನ ಪ್ಲಗ್ಗಿಗೆ ಹೊಂದಿಸುತ್ತೆ, ಅಷ್ಟೇ. ಬಣ್ಣ ನೀಲಿ ಆಗುತ್ತೆ, ವೇಗ ಯುಎಸ್‌ಬಿ 2ರದ್ದೇ. ಹಬ್ ಹಾಕಿದರೂ ಇದೇ ಕಥೆ, ಹಿಂದಿರುವ ಪೋರ್ಟ್ ಎಷ್ಟು ಕೊಡುತ್ತೋ ಅಷ್ಟನ್ನೇ ಅದು ಹಂಚುವುದು.

ಫೋಟೋ ಹೊರಗೆ ತೆಗೆಯುವುದಷ್ಟೇ ಕೆಲಸವಾದರೆ ಆ ಯಂತ್ರದ ಡಿಸ್ಕನ್ನೇ ಬಿಚ್ಚಿ, ಯುಎಸ್‌ಬಿಗೆ ಹೊಂದಿಸುವ ಕೇಬಲ್ ಮೂಲಕ ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ನಿಮ್ಮದು ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್ ಇರಬಹುದು, ಐಡಿಇ ಮತ್ತು ಸಾಟಾ (ಅದರ ನಂತರ ಬಂದ ತೆಳು ಕೇಬಲ್ಲಿನದು) ಎರಡಕ್ಕೂ ಆಗುವ ಕೇಬಲ್ ಕೇಳಿ. ಪೂರ್ತಿ ಫೋಲ್ಡರ್ ಒಂದೇ ಸಂಜೆಯಲ್ಲಿ ಬರುತ್ತೆ. ಎದುರಾಬದುರಾ ಎಲ್ಲಾದರೂ ಸಿಗುವುದಾದರೆ ನಾನೇ ಮಾಡಿಕೊಡುತ್ತೇನೆ, ಕುಕ್ಕರಹಳ್ಳಿ ಕೆರೆಗೆ ಬೆಳಗ್ಗೆ ನಡೆಯಲು ಬರುವವನು ನಾನು.


ಕಬ್ಬಿನಗದ್ದೆ, ಮಂಡ್ಯ
ಶುಕ್ರವಾರ, ರಾತ್ರಿ 9:05

ಕಾರ್ಡ್ ಬಂತು. ವಿ.ವಿ. ರಸ್ತೇಲಿ ಎರಡು ಅಂಗಡಿ ಸುತ್ತಿದೆ, ಇರ್ಲಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಪಕ್ಕದ ಮನೆ ಹುಡುಗ ಎಸ್.ಪಿ. ರಸ್ತೆಯಿಂದ ತಂದ್ಕೊಟ್ಟ. ನಾಲ್ಕು ಪೋರ್ಟು, ಹಿಂದೆ ಸಾಟಾ ಪವರ್ ಸಾಕೆಟ್ ಅದೆ.

ನೀವು ಹೇಳಿದಂಗೇ ಮಾಡಿದೆ. ಹಿಂದಿನ ತಗಡಿನ ಪಟ್ಟಿ ಮುರ್ದು ತೆಗೆದು, ಕಾರ್ಡಿನ ಚಿನ್ನದ ಬಣ್ಣದ ಅಂಚನ್ನ ಗಿಡ್ಡ ಸ್ಲಾಟಿಗೆ ನೇರಕ್ಕೆ ಹಿಡಿದು ಒತ್ತಿದೆ. ಮೊದಲು ಕೂತಂಗೆ ಕಂಡ್ರೂ ಒಂದು ಕಡೆ ಎದ್ದಿತ್ತು, ಇನ್ನೊಂದು ಸಲ ಒತ್ತಿದಾಗ ಟಕ್ ಅಂತ ಇಳೀತು. ಸ್ಕ್ರೂ ಹಾಕ್ದೆ. ವಿಂಡೋಸ್ ತಾನೇ ಗುರುತು ಹಿಡೀತು, ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ 3 ಹೋಸ್ಟ್ ಕಂಟ್ರೋಲರ್ ಅಂತ ಬಂತು.

ಡಿಸ್ಕ್ ಸಿಕ್ಸಿ ನಕಲು ಶುರು ಮಾಡಿದ್ರೆ… 33 ಎಂಬಿ. ಕಣ್ಣಲ್ಲಿ ನೀರು ಬಂದ್ಬುಡ್ತು. ನಾಲ್ಕೂ ಪೋರ್ಟಿಗೆ ಹಾಕಿ ನೋಡ್ದೆ, ಅಷ್ಟೇ. ಅಂಗಡಿಯೋರು ಹೇಳಿದ್ದೇ ನಿಜ ಆಗೋಯ್ತಾ?


ತಂತಿಮನೆ, ಮೈಸೂರು
ಶುಕ್ರವಾರ, ರಾತ್ರಿ 9:20

ಧೈರ್ಯ ಕಳೆದುಕೊಳ್ಳಬೇಡಿ. 33 ಅಂದರೆ ಎಲ್ಲೋ ಒಂದು ಕಡೆ ಇನ್ನೂ ಯುಎಸ್‌ಬಿ 2 ಕೂತಿದೆ. ಕಾರ್ಡ್ ಗುರುತಾಗಿದೆ ಅಂದ ಮೇಲೆ ಉಳಿಯುವುದು ಕೇಬಲ್ ಮತ್ತು ಡಿಸ್ಕ್. ಪ್ಲಗ್ ನಿಧಾನವಾಗಿ ತುರುಕಿದರೂ ಹೀಗಾಗುವುದುಂಟು. ಯುಎಸ್‌ಬಿ 2ರ ನಾಲ್ಕು ಸಂಪರ್ಕಗಳು ಮುಂದೆ, ಯುಎಸ್‌ಬಿ 3ರ ಐದು ಒಳಗಿನ ಆಳದಲ್ಲಿ. ಮುಂದಿನವು ಮೊದಲು ತಾಗಿ ಡಿಸ್ಕು ಹಳೇ ವೇಗದಲ್ಲೇ ನೆಲೆಯಾಗಿಬಿಡುತ್ತೆ. ಒಂದೇ ಪಟ್ಟಿಗೆ ಚುರುಕಾಗಿ ಸಿಕ್ಕಿಸಿ ನೋಡಿ. ಆಗದಿದ್ದರೆ ಯಾವ ಕೇಬಲ್ ಹಾಕಿದ್ದೀರಿ ಹೇಳಿ.


ಮದ್ದೂರು ಪ್ಯಾಸೆಂಜರ್, ಮದ್ದೂರು
ಶುಕ್ರವಾರ, ರಾತ್ರಿ 9:31

ಅಕ್ಕ, ಡಿಸ್ಕಿನ ಕಡೆ ತುದಿ ನೋಡಿ. ಡಿಸ್ಕಿನ ತೂತು ಅಗಲವಾಗಿ, ನಡುವೆ ಸೊಂಟ ಇದ್ದಂಗೆ ಎರಡು ಭಾಗ ಆಗಿರ್ತದೆ. ಒಂದು ಭಾಗ ದೊಡ್ಡದು, ಒಂದು ಚಿಕ್ಕದು. ನಿಮ್ಮ ಪ್ಲಗ್ಗು ಎರಡೂ ಭಾಗ ತುಂಬ್ಕಂಡು ಕೂತದಾ, ಅಥ್ವಾ ದೊಡ್ಡ ಭಾಗದಲ್ಲಿ ಮಾತ್ರನಾ?


ಕಬ್ಬಿನಗದ್ದೆ, ಮಂಡ್ಯ
ಶುಕ್ರವಾರ, ರಾತ್ರಿ 9:44

ದೊಡ್ಡ ಭಾಗದಲ್ಲಿ ಮಾತ್ರ ಕಣಣ್ಣ! ಚಿಕ್ಕದು ಖಾಲಿ ಅದೆ. ಇದು ಹಳೇ ಮೊಬೈಲ್ ಚಾರ್ಜರ್ ವೈರು. ಡಿಸ್ಕಿನ ಜೊತೆ ಬಂದಿದ್ದ ವೈರು ಬರೀ ಒಂದು ಮೊಳ ಇತ್ತು, ಕ್ಯಾಬಿನೆಟ್ ಹಿಂದಿಂದ ಮೇಜಿಗೆ ಎಟುಕ್ತಿರ್ಲಿಲ್ಲ. ಇದು ಉದ್ದ ಇತ್ತು, ಕೂತ್ಕತು, ಅದಕ್ಕೇ ಹಾಕ್ದೆ.


ಮದ್ದೂರು ಪ್ಯಾಸೆಂಜರ್, ಮದ್ದೂರು
ಶುಕ್ರವಾರ, ರಾತ್ರಿ 9:47

ಸಿಕ್ತು ನೋಡಿ. ಆ ದೊಡ್ಡ ಭಾಗ ಯುಎಸ್‌ಬಿ 2ರ ಮೈಕ್ರೋ ತೂತೇ. ಹಳೇ ವೈರಿಗೂ ಆಗ್ಲಿ ಅಂತ ಹಂಗೆ ಮಾಡವ್ರೆ. ವೇಗದ ತಂತಿಗಳೆಲ್ಲಾ ಆ ಚಿಕ್ಕ ಭಾಗದಲ್ಲಿ ಇರೋದು. ಕಂಪ್ಯೂಟರನ್ನೇ ಮೇಜಿನ ಹತ್ರ ತಿರುಗಿಸ್ಕಂಡು ಡಿಸ್ಕಿನ ಜೊತೆ ಬಂದ ಗಿಡ್ಡ ವೈರನ್ನೇ ಹಾಕಿ.


ಕಬ್ಬಿನಗದ್ದೆ, ಮಂಡ್ಯ
ಶುಕ್ರವಾರ, ರಾತ್ರಿ 10:08

106!!! ಸೆಕೆಂಡಿಗೆ 106 ಎಂಬಿ! ಮಗನ್ನ ಎಬ್ಬಿಸಿ ತೋರ್ಸಿದೆ.

ಖುಷಿಗೆ ಎರಡನೇ ಡಿಸ್ಕನ್ನೂ ಪಕ್ಕದ ಪೋರ್ಟಿಗೆ ಹಾಕ್ದೆ. ಹಾಕಿದ್ದೇ ತಡ, ಎರಡೂ ಮಾಯ. ಟುಡುಂ ಅಂತ ಸದ್ದು ಬಂದು ನಕಲು ನಿಂತೋಯ್ತು. ತೆಗೆದು ಒಂದನ್ನೇ ಹಾಕಿದ್ರೆ ಸರಿಯಾಗಿ ಓಡ್ತದೆ.


ತಂತಿಮನೆ, ಮೈಸೂರು
ಶುಕ್ರವಾರ, ರಾತ್ರಿ 10:15

ಕಾರ್ಡಿನ ಹಿಂದಿನ ಸಾಟಾ ಪವರ್ ಸಾಕೆಟ್ಟಿಗೆ ಏನಾದರೂ ಸಿಕ್ಕಿಸಿದ್ದೀರಾ?


ಕಬ್ಬಿನಗದ್ದೆ, ಮಂಡ್ಯ
ಶುಕ್ರವಾರ, ರಾತ್ರಿ 10:19

ಇಲ್ಲ. ಎಸ್‌ಎಂಪಿಎಸ್‌ಇಂದ ಬರೋ ಸಾಟಾ ಪ್ಲಗ್ಗು ಎರಡೇ ಇದ್ದಿದ್ದು, ಒಂದು ಹಾರ್ಡ್ ಡಿಸ್ಕಿಗೆ, ಒಂದು ಡಿವಿಡಿಗೆ ಹೋಗದೆ. ನಾಲ್ಕು ದಪ್ಪ ಪಿನ್ನಿಂದು ಒಂದು ಖಾಲಿ ಅದೆ. ಅದನ್ನ ಸಾಟಾಗೆ ಬದಲಾಯ್ಸೋ ಪುಟ್ಟ ವೈರು ಸಿಕ್ತದಂತೆ, ತರಿಸ್ಲಾ?


ತಂತಿಮನೆ, ಮೈಸೂರು
ಶುಕ್ರವಾರ, ರಾತ್ರಿ 10:32

ಅದನ್ನು ತರಿಸಬೇಡಿ ಅಕ್ಕ. ನಾಲ್ಕು ಪಿನ್ನಿನ ಮೋಲೆಕ್ಸಿನಿಂದ ಸಾಟಾಗೆ ಬದಲಿಸುವ ಅಗ್ಗದ ವೈರುಗಳಲ್ಲಿ ಪ್ಲಾಸ್ಟಿಕ್ಕನ್ನು ತಂತಿಯ ಮೇಲೆಯೇ ಅಚ್ಚು ಹೊಯ್ದಿರುತ್ತಾರೆ. ಒಳಗೆ ತಂತಿಗಳು ಒಂದಕ್ಕೊಂದು ತೀರಾ ಹತ್ತಿರ ಸರಿದಿದ್ದರೆ ಹೊರಗಿಂದ ಕಾಣುವುದೇ ಇಲ್ಲ. ಬಿಸಿಯಾಗಿ, ತಾಗಿ, ಸುಟ್ಟುಹೋದವು ಬಹಳ. ನಿಮ್ಮ ಅಪ್ಪಾಜಿಯ ಹಾಡು ಇರುವ ಪೆಟ್ಟಿಗೆಯೊಳಗೆ ಅಂಥದ್ದು ಬೇಡವೇ ಬೇಡ.

ಡಿವಿಡಿ ಡ್ರೈವ್ ಬಳಸುತ್ತೀರಾ? ಇಲ್ಲದಿದ್ದರೆ ಅದರ ಪವರ್ ಪ್ಲಗ್ ಕಿತ್ತು ಕಾರ್ಡಿಗೆ ಹಾಕಿ. ಹದಿನೈದು ಪಿನ್ನಿನ ಚಪ್ಪಟೆ ಪ್ಲಗ್, ಎಲ್ ಆಕಾರದ ತುದಿ ನೋಡಿಕೊಂಡು ಸಿಕ್ಕಿಸಿದರೆ ತಪ್ಪಾಗುವುದಿಲ್ಲ. ಮತ್ತೆ ಹೇಳುತ್ತೇನೆ, ಗೋಡೆಯ ಸ್ವಿಚ್ ಆರಿಸಿ.


ಕಬ್ಬಿನಗದ್ದೆ, ಮಂಡ್ಯ
ಶನಿವಾರ, ಬೆಳಗ್ಗೆ 11:30

ಡಿವಿಡಿ ಪ್ಲಗ್ ಕಿತ್ತಾಕಿ ಕಾರ್ಡಿಗೆ ಕೊಟ್ಟೆ. ಈಗ ಎರಡು ಡಿಸ್ಕ್ ಹಾಕಿದ್ರೂ ಅಲುಗಾಡ್ತಿಲ್ಲ.

ಆದ್ರೆ ಎರಡಕ್ಕೂ ಒಟ್ಟಿಗೆ ನಕಲು ಬಿಟ್ಟಾಗ ಎರಡೂ ಇಪ್ಪತ್ತು, ಇಪ್ಪತ್ತೈದಕ್ಕೆ ಬಿದ್ದೋದ್ವು. ಇನ್ನೊಂದು: ವೈರಿಲ್ಲದ ಮೌಸು ನಕಲು ನಡೀವಾಗ ಮಾತ್ರ ತಡವರಿಸ್ತದೆ, ಬಾಣ ಎಲ್ಲೋ ಹೋಗಿ ನಿಲ್ತದೆ. ಮೌಸು ಹಳೇ ಪೋರ್ಟಲ್ಲೇ ಇರೋದು.


ತಂತಿಮನೆ, ಮೈಸೂರು
ಶನಿವಾರ, ಮಧ್ಯಾಹ್ನ 12:10

ಮೊದಲನೆಯದು ಒಳಗಿನ ಡಿಸ್ಕಿನ ಕಷ್ಟ. ಎರಡು ನಕಲು ಒಟ್ಟಿಗೆ ಬಿಟ್ಟರೆ ಅದು ಎರಡು ಬೇರೆ ಬೇರೆ ಕ್ಯಾಸೆಟ್ಟಿನ ಫೈಲ್ ಓದಬೇಕು. ಓದುವ ಮುಳ್ಳು ತಟ್ಟೆಯ ಮೇಲೆ ಆ ಕಡೆ ಈ ಕಡೆ ಓಡಾಡುವುದರಲ್ಲೇ ಹೊತ್ತು ಹೋಗುತ್ತೆ. ಒಂದು ಮುಗಿದ ಮೇಲೆ ಇನ್ನೊಂದು ಬಿಡಿ, ಒಟ್ಟು ಸಮಯ ಕಮ್ಮಿಯಾಗುತ್ತೆ. ಶುರುವಿಗೆ 106 ಇದ್ದದ್ದು ಕೊನೆಕೊನೆಗೆ 70ಕ್ಕೆ ಇಳಿದರೂ ಹೆದರಬೇಡಿ. ತಟ್ಟೆಯ ಹೊರ ಸುತ್ತು ದೊಡ್ಡದು, ಒಂದು ಸುತ್ತಿಗೆ ಹೆಚ್ಚು ಮಾಹಿತಿ ಸಿಗುತ್ತೆ. ಒಳಕ್ಕೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತೆ, ತಟ್ಟೆ ತಿರುಗುವ ವೇಗ ಮಾತ್ರ ಅಷ್ಟೇ.

ಮೌಸಿನ ವಿಷಯ: ಯುಎಸ್‌ಬಿ 3 ಓಡುವಾಗ ಕೇಬಲ್ ಮತ್ತು ಕನೆಕ್ಟರಿನಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಬೀಳುತ್ತೆ. ವೈರಿಲ್ಲದ ಮೌಸು, ಹಳೇ ವೈಫೈ ಎರಡೂ ಕೆಲಸ ಮಾಡುವುದು ಅದೇ ಪಟ್ಟಿಯಲ್ಲಿ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿತ್ತು. ಮೌಸಿನ ಪುಟ್ಟ ರಿಸೀವರನ್ನು ಮುಂದಿನ ಪ್ಯಾನೆಲ್ಲಿಗೆ ಹಾಕಿ, ಸರಿಹೋಗುತ್ತೆ.

ನಕಲಿಗೆ ಎಳೆದು ಬಿಡುವ ಬದಲು ರೋಬೊಕಾಪಿ ಬಳಸಿ, ಟೈಪ್ ಮಾಡಿ ಓಡಿಸುವ ನಕಲು ಆಜ್ಞೆ, ವಿಂಡೋಸಿನೊಳಗೇ ಇದೆ. ಕರೆಂಟ್ ಹೋಗಿ ನಿಂತರೆ ಅದೇ ಆಜ್ಞೆ ಮತ್ತೆ ಕೊಡಿ. ಆಗಲೇ ಪೂರ್ತಿ ಹೋಗಿರುವ ಫೈಲ್‌ಗಳನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೆ. ಎಲ್ಲಾ ಆದ ಮೇಲೆ ಡಿಸ್ಕನ್ನು "ಸೇಫ್‌ಲಿ ರಿಮೂವ್" ಕೊಟ್ಟೇ ತೆಗೆಯಿರಿ.


ಹೂಟಗಳ್ಳಿ ನಿವಾಸಿ, ಮೈಸೂರು
ಶನಿವಾರ, ಸಂಜೆ 5:20

ಅಕ್ಕ, ನಾನು ಮೊದಲು ಬೇರೆ ಮಾತಾಡಿದ್ದೆ, ಈಗ ನೋಡಿದರೆ ನೀವು ಮಾಡಿದ್ದೇ ಸರಿ. ಒಂದು ಸಲಹೆ ಮಾತ್ರ ಸೇರಿಸುತ್ತೇನೆ. ನಕಲು ಆಯಿತು ಅಂತ ಪರದೆ ಹೇಳಿದರೆ ಸಾಕಾಗುವುದಿಲ್ಲ, ಎರಡೂ ಕಡೆಯ ಫೈಲುಗಳ ಹ್ಯಾಶ್ (ಫೈಲಿನಲ್ಲಿರುವುದನ್ನೆಲ್ಲಾ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆ) ಹೋಲಿಸಿ ನೋಡಿ. ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆ ಬರುತ್ತೆ. 4 ಜಿಬಿ ರ‍್ಯಾಮಿನ ಹಳೇ ಯಂತ್ರದಲ್ಲಿ ಇದು ಮುಖ್ಯ, ರ‍್ಯಾಮ್ ಕೆಟ್ಟಿದ್ದರೆ ನಕಲು ಸದ್ದಿಲ್ಲದೆ ಹಾಳಾಗುತ್ತೆ. ರಾತ್ರಿ ಮಲಗುವಾಗ ಬಿಟ್ಟು ಮಲಗಿ.

ಐದು ಡಿಸ್ಕೂ ಮನೆಯವರ ಹತ್ತಿರವೇ ಇವೆ. ಆರನೆಯದೊಂದು ಹೊರಗಡೆಯೂ ಇರಲಿ ಅಂತ ನನ್ನ ಆಸೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ 1968ರಿಂದ ಜಾನಪದ ವಸ್ತುಸಂಗ್ರಹಾಲಯ ಇದೆ. ಅಲ್ಲಿಗೆ ಒಮ್ಮೆ ಹೋಗಿ ವಿಚಾರಿಸಿ.


ಕಬ್ಬಿನಗದ್ದೆ, ಮಂಡ್ಯ
ಮುಂದಿನ ಗುರುವಾರ, ರಾತ್ರಿ 9:15

ಐದೂ ಆಯ್ತು. ಒಂದೊಂದಕ್ಕೆ ಒಂದು ಗಂಟೆ ಹನ್ನೆರಡು ನಿಮಿಷ, ಹೆಚ್ಚು ಕಮ್ಮಿ. ಮೂರನೇ ಡಿಸ್ಕು ಓಡ್ತಿದ್ದಾಗ ಕರೆಂಟ್ ಹೋಯ್ತು, ಬಂದ ಮೇಲೆ ರೋಬೊಕಾಪಿ ಅಲ್ಲಿಂದ್ಲೇ ಹಿಡ್ಕಂತು. ಹ್ಯಾಶ್ ಹೋಲಿಸಿದೆ, 400ಕ್ಕೆ 400 ಸರಿಯಾಗಿ ಕೂತ್ವು. ಮೌಸೂ ಈಗ ನೆಟ್ಟಗೆ ನಡೀತದೆ. ಹೂಟಗಳ್ಳಿ ಅಣ್ಣ, ಆರನೇ ಡಿಸ್ಕ್ ತರಿಸ್ತೀನಿ, ದಸರಾ ರಜೇಲಿ ಗಂಗೋತ್ರಿಗೆ ತಮ್ಮನ ಜೊತೆ ಹೋಗ್ಬರ್ತೀನಿ.

ಒಂದೇ ಒಂದು ಉಳೀತು. ಮಳವಳ್ಳಿ ಚಿಕ್ಕಮ್ಮನ ಮನೇಲಿ ಕಂಪ್ಯೂಟರ್ ಇಲ್ಲ, ಟಿವಿ ಅದೆ. ಡಿಸ್ಕ್ ಹಾಕಿದ್ರೆ ಟಿವಿ ತೆಗೀಲಿಲ್ಲ.


ಮದ್ದೂರು ಪ್ಯಾಸೆಂಜರ್, ಮದ್ದೂರು
ಗುರುವಾರ, ರಾತ್ರಿ 9:50

ಡಿಸ್ಕು ಚಿಕ್ಕಮ್ಮನ ಬೀರುವಲ್ಲಿ ಜೋಪಾನವಾಗಿರ್ಲಿ. ಕೇಳಕ್ಕೆ ಬೇರೆ ಮಾಡ್ಕೊಡಿ. 128 ಕಿಲೋಬಿಟ್ ಎಂಪಿ3 ಮಾಡಿದ್ರೆ 90 ನಿಮಿಷಕ್ಕೆ 86 ಎಂಬಿ, ನಾನೂರೂ ಸೇರಿ 35 ಜಿಬಿ ಒಳಗೆ. 64 ಜಿಬಿ ಪೆನ್ ಡ್ರೈವ್ ಸಾಕು. ಅದನ್ನ ಫ್ಯಾಟ್32ಗೆ (ಫೈಲು ಜೋಡಿಸಿಡೋ ಒಂದು ಹಳೇ ಕ್ರಮ) ಫಾರ್ಮ್ಯಾಟ್ ಮಾಡಿ, ಹಳೇ ಟಿವಿಗಳೂ ಓದ್ತವೆ. ವಿಂಡೋಸಿನ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮೇಲೆ ಫ್ಯಾಟ್32 ತೋರ್ಸಲ್ಲ, ಬೇರೆ ಉಚಿತ ಸಾಫ್ಟ್‌ವೇರ್ ಅವೆ. ಇಲ್ಲಾಂದ್ರೆ 32ರ ಎರಡು ಪೆನ್ ಡ್ರೈವ್‌ಗೆ ಹಂಚಿ ಹಾಕಿ.


ಕಬ್ಬಿನಗದ್ದೆ, ಮಂಡ್ಯ
ಶುಕ್ರವಾರ, ಬೆಳಗ್ಗೆ 6:30

ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳ್ದೆ. "ಎಲ್ಲಾ ಆಮೇಲೆ ಹಾಕ್ಕೊಡೀವಂತೆ, ಮೊದಲು ನನ್ನ ಮದುವೇದು ಇದ್ರೆ ಅದೊಂದು ಕೊಡವ್ವ, ನಮ್ಮತ್ತೆ ಹೇಳಿದ ಸೋಬಾನೆ ಅದರಲ್ಲಿತ್ತು" ಅಂದ್ರು. ಅಪ್ಪಾಜಿ ಪುಸ್ತಕದಲ್ಲಿ ಹುಡುಕ್ದೆ. 212ನೇ ಕ್ಯಾಸೆಟ್, ಬಿ ಕಡೆ. ಒಂದು ಪುಟ್ಟ ಪೆನ್ ಡ್ರೈವಿಗೆ ಅದೊಂದನ್ನೇ ಹಾಕಿದೀನಿ. ಎಂಟು ಗಂಟೆ ಮಳವಳ್ಳಿ ಬಸ್ಸಿಗೆ ಹೊರಡ್ತಾ ಇದೀನಿ.